ಟ್ಯೂಷನ್‌ನಲ್ಲಿ ಆಟ ಯಾಕೆ ಅಂತ ಕೇಳುವವರಿಗೆ

“ಮಿಸ್, ದುಡ್ಡು ಕೊಟ್ಟು ಟ್ಯೂಷನ್‌ಗೆ ಕಳಿಸ್ತೀವಿ. ಇವಳು ಮನೆಗೆ ಬಂದು, ಹೊಂಗೆ ಮರದ ಕೆಳಗೆ ಅಂಗಡಿ ಆಟ ಆಡಿದೆ ಅಂತಾಳೆ. ಪಾಠ ಯಾವಾಗ ಮಾಡ್ತೀರಾ?”

ಶಿಡ್ಲಘಟ್ಟದಲ್ಲಿ ಒಂದೊಂದೇ ಮಗುವನ್ನು ಕೂರಿಸಿಕೊಂಡು ಪಾಠ ಹೇಳಿಕೊಡುವ ನನಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರ ಮೇಲೆ ಬೇಸರ ಇಲ್ಲ. ರೇಷ್ಮೆ ಗೂಡಿನ ರೇಟು ಬಿದ್ದ ತಿಂಗಳಲ್ಲೂ ಹೇಗೋ ಹೊಂದಿಸಿ ಫೀಸು ಕೊಡುವವರು ಅವರು. ಕೇಳಲೇಬೇಕು. ನನ್ನ ಉತ್ತರ ಇಷ್ಟೇ: ಅಂಗಡಿ ಆಟವೇ ಅವತ್ತಿನ ಪಾಠ.

ಹೇಗೆ ಅಂತ ಹೇಳುತ್ತೇನೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ದಶಕ ಬಿಡಿಸಿ ಕಳೆಯುವ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. 52ರಲ್ಲಿ 27 ಕಳಿ ಅಂದರೆ 35 ಅನ್ನುತ್ತಿದ್ದಳು. 2ರಲ್ಲಿ 7 ಹೋಗಲ್ಲ ಅಲ್ವಾ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದುಬಿಡುತ್ತಿದ್ದಳು. ಎಷ್ಟೋ ಮಕ್ಕಳು ಹೀಗೇ ಮಾಡುತ್ತಾರೆ.

ಮರದ ಕೆಳಗೆ ಹುಣಸೆ ಬೀಜದ ಅಂಗಡಿ ಹಾಕಿದೆವು. ಹತ್ತತ್ತು ಬೀಜ ಎಣಿಸಿ ಬಾಳೆಲೆ ಚೂರಿನಲ್ಲಿ ಮಡಚಿ, ಬಾಳೆನಾರಿನಿಂದ ಅವಳೇ ಕಟ್ಟಿದ ಐದು ಪೊಟ್ಟಣ. ಬಿಡಿ ಬೀಜ ಎರಡು. ಅವಳು ಅಂಗಡಿಯವಳು, ನಾನು ಗಿರಾಕಿ. “27 ಬೀಜ ಕೊಡಮ್ಮ” ಅಂದೆ. ಎರಡು ಪೊಟ್ಟಣ ಎತ್ತಿ ಕೊಟ್ಟಳು. ಇನ್ನೂ ಏಳು ಬೇಕು, ಬಿಡಿ ಇರುವುದು ಎರಡೇ. “ಚಿಲ್ಲರೆ ಇಲ್ಲ, ನಾಳೆ ಬನ್ನಿ” ಅಂದಳು. “ಅಯ್ಯೋ, ಮನೇಲಿ ಮಗು ಅಳ್ತಿದೆ, ಈಗ್ಲೇ ಬೇಕು” ಅಂತ ನಾನು ಅಲ್ಲೇ ಕೂತೆ. ಪೊಟ್ಟಣಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹಲ್ಲಿನಿಂದ ನಾರು ಕಡಿದು ಒಂದು ಪೊಟ್ಟಣ ಬಿಚ್ಚಿದಳು. ಬಿಡಿ 12 ಆಯಿತು. ಏಳು ಕೊಟ್ಟಳು. ಉಳಿದಿದ್ದು ಎರಡು ಪೊಟ್ಟಣ, ಐದು ಬೀಜ.

ನೋಟ್‌ಬುಕ್ ತೆಗೆದಿದ್ದು ಆಗಲೇ. 5ನ್ನು ಹೊಡೆದು 4 ಬರೆದು, 2ರ ಹಿಂದೆ 1 ಸೇರಿಸಿದೆ. “ಇದು ಪೊಟ್ಟಣ ಬಿಚ್ಚಿದ್ದು” ಅಂತ ಅವಳೇ ಬೆರಳಿಟ್ಟು ತೋರಿಸಿದಳು.

ಅಂಗಡಿಯವಳಾದ ಮೇಲೆ ಗಿರಾಕಿಯನ್ನು ಬರಿಗೈಲಿ ಕಳಿಸೋಕಾಗುತ್ತಾ? ಆ ಪಾತ್ರದಲ್ಲಿದ್ದಾಗ ಲೆಕ್ಕ ಅವಳಿಗೇ ಬೇಕಾಗುತ್ತದೆ. ಆಟದ ಬಲ ಇರುವುದು ಅಲ್ಲಿ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೊಟ್ಸ್ಕಿ 1933ರಲ್ಲಿ ಮಕ್ಕಳ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಕೋಲನ್ನೇ ಕುದುರೆ ಮಾಡಿಕೊಂಡು ಓಡುವ ಮಗು ಅವರ ಉದಾಹರಣೆ. ಕೈಯಲ್ಲಿರುವುದು ಕೋಲು, ಮನಸ್ಸಿನಲ್ಲಿರುವುದು ಕುದುರೆ. ಕಣ್ಣಿಗೆ ಕಾಣುವ ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುವುದನ್ನು ಮಗು ಹೀಗೆ ಕಲಿಯುತ್ತದೆ ಅಂದರು. ಅಕ್ಷರ, ಅಂಕಿ ಕಲಿಯುವುದಕ್ಕೂ ಇದೇ ಬೇಕಲ್ವಾ? ಕಾಗದದ ಮೇಲಿನ ಒಂದು ಗೀಟನ್ನು ಹತ್ತು ಬೀಜ ಅಂತ ಒಪ್ಪಿಕೊಳ್ಳಬೇಕು.

ಸರಿ, ಆಟ ಒಳಗೇ ಆಡಿಸಬಹುದಲ್ಲ, ಹೊರಗೆ ಯಾಕೆ? ಹೊರಗಿನ ವಸ್ತುಗಳು ನಾವು ಹೇಳಿದಂತೆ ಕೇಳುವುದಿಲ್ಲ, ಅದಕ್ಕೆ. ಬರೆಯೋದು ಅಂದರೆ ಅಳುತ್ತಿದ್ದ ಹುಡುಗನೊಬ್ಬನ ಮನೆಯಲ್ಲಿ ಹುಳ ಸಾಕುತ್ತಾರೆ. ಪಾಠವನ್ನು ಅವರ ಹುಳದ ಮನೆಗೇ ತೆಗೆದುಕೊಂಡು ಹೋದೆ. ಹುಳಗಳು ಜ್ವರಕ್ಕೆ ಹೋಗಿದ್ದವು. ರೇಷ್ಮೆ ಸಾಕದವರಿಗೆ ಹೇಳುತ್ತೇನೆ: ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. “ನೀನೇ ಆ ಹುಳ. ನಿಮ್ಮಪ್ಪನಿಗೆ ಒಂದು ಕಾಗದ ಬರಿ” ಅಂದೆ. ಸುಮಾರು ಹೊತ್ತು ಬಗ್ಗಿ ಹುಳಗಳನ್ನೇ ನೋಡುತ್ತಿದ್ದ. ಆಮೇಲೆ ಬರೆದ: “ಅಪ್ಪಾ, ನನಗೆ ಜ್ವರ. ಸೊಪ್ಪು ಹಾಕಬೇಡ. ಅಂಗಿ ಬಿಗಿ ಆಗಿದೆ. ನಾಳೆ ಬಿಚ್ಚುತ್ತೇನೆ.” ಒತ್ತಕ್ಷರ ತಪ್ಪಿತ್ತು. ಅದನ್ನು ಮಾರನೇ ದಿನ ತಿದ್ದಿದೆವು. ಚರ್ಮ ಬಿಗಿಯಾಗುವುದು ಪಠ್ಯದಲ್ಲಿ ಓದಿದ್ದಲ್ಲ, ಅವನೇ ಕಂಡಿದ್ದು. ನನಗೆ ಬಹಳ ಖುಷಿಯಾಯಿತು.

ಇದೆಲ್ಲ ನಾನು ಹೊಸದಾಗಿ ಕಂಡುಹಿಡಿದಿದ್ದೇನಲ್ಲ. ಚಿಂತಾಮಣಿ ದಾಟಿ ಆಂಧ್ರದ ಕಡೆ ಹೋದರೆ ಮದನಪಲ್ಲಿ. ಅದರ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ 1995ರಲ್ಲಿ ಮೈಸೂರು ಕಡೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ಶುರು ಮಾಡಿದ್ದು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಸಿ ಅನ್ನುತ್ತದೆ. ಆದರೆ ತುಂಬಿದ ಕ್ಲಾಸಿನಲ್ಲಿ ಮೇಷ್ಟ್ರಿಗೆ ಒಂದು ಮಗು ಪೊಟ್ಟಣ ಬಿಚ್ಚುವವರೆಗೆ ಕಾಯುತ್ತಾ ಕೂರಲು ಆಗುವುದಿಲ್ಲ. ನನಗೆ ಆಗುತ್ತದೆ. ಒಬ್ಬೊಬ್ಬರಿಗೇ ಹೇಳಿಕೊಡುವುದರ ದೊಡ್ಡ ಲಾಭ ಅದು. ನಡುವೆ ಬಾಯಿ ಹಾಕಿ ಉತ್ತರ ಹೇಳಿಬಿಟ್ಟರೆ ಆಟವೂ ಹೋಯಿತು, ಪಾಠವೂ ಹೋಯಿತು.

ಎಲ್ಲವನ್ನೂ ಆಟದಲ್ಲೇ ಕಲಿಸುತ್ತೇನೆ ಅಂತಲ್ಲ. ಮಗ್ಗಿ ಬಾಯಿಪಾಠ ಆಗಲೇಬೇಕು. ಕಾಪಿ ಬರೆಯಲೇಬೇಕು, ಕೈ ಕೂರುವುದು ಹಾಗೇ. ಬೇಸಿಗೆಯಲ್ಲಿ ಹುಲ್ಲು, ಕಲ್ಲುಸಂದಿ ಇರುವ ಕಡೆ ಹೋಗುವುದಿಲ್ಲ, ಹಾವಿನ ಭಯ. ಇನ್ನು, ಆಡಿದ ಮೇಲೆ ನೋಟ್‌ಬುಕ್ಕಿಗೆ ಬಾರದ ಆಟ ಸುಮ್ನೆ ಆಟ. ಅದೂ ಮಕ್ಕಳಿಗೆ ಬೇಕು, ಆದರೆ ಅದಕ್ಕೆ ನಾನು ಫೀಸು ತಗೊಳ್ಳಬಾರದು.

ನಂಬಿಕೆ ಬರದಿದ್ದರೆ ನೀವೇ ನೋಡಿ. ವಾರ ಕಳೆದ ಮೇಲೆ, ಬೀಜ ಪೊಟ್ಟಣ ಏನೂ ಕೊಡದೆ, ಬರೀ ಹಾಳೆಯ ಮೇಲೆ 61ರಲ್ಲಿ 38 ಕಳೆಯಲು ಹೇಳಿ. ಉತ್ತರ ಬಂದರೆ ಸಾಲದು, 6 ಯಾಕೆ 5 ಆಯಿತು ಅಂತಲೂ ಕೇಳಿ. ಮಗುವಿಗೆ ಹೇಳಲು ಬರದಿದ್ದರೆ ನನಗೆ ಫೋನ್ ಮಾಡಿ, ಮತ್ತೆ ಹೇಳಿಕೊಡುತ್ತೇನೆ.