11ನೇ ಸಲಕ್ಕೆ ಇಂಜೆರಾಗೆ ಕಣ್ಣು ಬಂತು

ಬಂತು! ನಿನ್ನೆ ರಾತ್ರಿ ಎಂಟೂವರೆಗೆ (ಇಲ್ಲಿ ಇಥಿಯೋಪಿಯದ ಗಡಿಯಾರದ ಲೆಕ್ಕದಲ್ಲಿ ಎರಡೂವರೆಗೆ) ನನ್ನ ಇಂಜೆರಾಗೆ, ಅಂದರೆ ಇಲ್ಲಿನವರ ಹುಳಿ ದೋಸೆಗೆ, ಕಣ್ಣು ಬಂತು. ಅಂಚಿನಿಂದ ನಡುವಿನ ತನಕ, ಒತ್ತೊತ್ತಾಗಿ.

ತೆಫ್ ಅನ್ನೋ ಸಣ್ಣ ಧಾನ್ಯದ ಹಿಟ್ಟು ಕಲಸಿದ್ದು, ಎರ್ಶೊ ಬೆರೆಸಿದ್ದು, ಮೂರು ದಿನ ಕಾದಿದ್ದು ಎಲ್ಲ ನಿಮಗೆ ಗೊತ್ತಿರೋ ಕಥೆ, ಬಿಟ್ಟುಬಿಡುತ್ತೇನೆ. ಹೊಸಬರಿಗೆ ಒಂದೇ ಮಾತು: ಹುದುಗಿದ ಹಿಟ್ಟಿನ ಮೇಲೆ ನಿಲ್ಲುವ ಹಳದಿ ನೀರೇ ಎರ್ಶೊ. ಮುಂದಿನ ಸಲದ ಹೆಪ್ಪು ಅದು, ಚೆಲ್ಲಬೇಡಿ.

ಎಲ್ಲರ ಮನೆ ದೋಸೆಯೂ ತೂತೇ ಅಂತಾರಲ್ಲ, ಆ ಗಾದೆಯನ್ನು ಸುಳ್ಳು ಮಾಡಿದವನು ಅಡಿಸ್ ಅಬಾಬಾದಲ್ಲಿ ನಾನೊಬ್ಬನೇ ಇರಬೇಕು. ಹತ್ತು ಸಲ ಹುಯ್ದೆ, ಹತ್ತು ಸಲವೂ ತೂತೇ ಇಲ್ಲ. ರೆಕ್ಸಿನ್ ಥರ ನುಣ್ಣಗೆ. ಆ ತೂತಿಗೆ ಅಮ್ಹಾರಿಕ್ ಭಾಷೆಯಲ್ಲಿ 'ಐನ್' ಅಂತಾರೆ, ಅಂದರೆ ಕಣ್ಣು. ಕಣ್ಣಿಲ್ಲದ ಇಂಜೆರಾ ಸಾರು ಹಿಡಿಯೋದಿಲ್ಲ. ಮಿಸಿರ್ ವೊತ್ (ಮಸೂರ್ ಬೇಳೆ ಸಾರು) ಬೆರಳಿಂದ ಮೊಣಕೈಗೆ ಇಳಿಯುತ್ತೆ.

ಮೊದಲು ಊರಿನ ಎತ್ತರದ ಮೇಲೆ ತಪ್ಪು ಹೊರಿಸಿದೆ. ಸಮುದ್ರ ಮಟ್ಟದಿಂದ 2,300 ಮೀಟರ್‌ಗೂ ಮೇಲಿದ್ದೇವೆ, ನೀರು 92 ಡಿಗ್ರಿ ಸುಮಾರಿಗೇ ಕುದಿಯುತ್ತೆ, ಹಿಟ್ಟು ಏಳೋದಾದರೂ ಹೇಗೆ ಅಂತ ಓನರಮ್ಮನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಮ್ಮಜ್ಜಿ ಏನು ಸಮುದ್ರದ ದಡದಲ್ಲಿ ಬೇಯಿಸ್ತಿದ್ದಳಾ, ಮಗೂ?" ಅಂದರು.

ಆಮೇಲೆ ಹಿಟ್ಟಿನ ಮೇಲೆ ಹೊರಿಸಿದೆ. ಇದರಲ್ಲಿ ಸ್ವಲ್ಪ ನ್ಯಾಯ ಇತ್ತು. 'ಅಪ್ಪಟ ಮಾಗ್ನ' ಅಂತ ಅಂಗಡಿಯವನು ಕೊಟ್ಟಿದ್ದ. ಮಾಗ್ನ ಅಂದರೆ ಬಿಳಿ ತೆಫ್, ರೇಟು ಜಾಸ್ತಿ. ಆ ಇಂಜೆರಾ ಬೆಳಗಾಗೋದರೊಳಗೆ ಹಪ್ಪಳದ ಹಾಗೆ ಮುರಿಯಿತು. ಅಕ್ಕಿ ಹಿಟ್ಟು ಬೆರೆತಿತ್ತು, ನಾಲಿಗೆಗೆ ಗೊತ್ತಾಗಲ್ವಾ? ಈಗ ಕಾಳು ತಂದು, ಗಿರಣಿಯಲ್ಲಿ ಎದುರೇ ನಿಂತು ಬೀಸಿಸುತ್ತೇನೆ. ಗಸಗಸೆಯಷ್ಟು ಸಣ್ಣ ಕಾಳು. ಚೀಲ ಹರಿದರೆ ಮುಗೀತು, ಆರಿಸೋ ಮಾತೇ ಇಲ್ಲ. ಹಿಟ್ಟು ಅಪ್ಪಟವಾಯಿತು. ಕಣ್ಣು ಮಾತ್ರ ಬರಲಿಲ್ಲ.

ನಮ್ಮ ಕಾಂಪೌಂಡಿನಲ್ಲಿ ಮೂರು ಮನೆ, ಮೂರು ಭಾಷೆ, ಮೂರು ಸಲಹೆ. ಈ ದೇಶದಲ್ಲಿ 80ಕ್ಕೂ ಹೆಚ್ಚು ಜನಾಂಗಗಳಿವೆ, ಪುಣ್ಯಕ್ಕೆ ಎಲ್ಲರೂ ಇಲ್ಲೇ ಬಾಡಿಗೆಗಿಲ್ಲ. ಹಿಂದಿನ ಮನೆಯ ತಿಗ್ರಾಯ್ ಅಕ್ಕ ಇಂಜೆರಾಗೆ ತಾಯ್ತಾ ಅನ್ನುತ್ತಾರೆ. ಸ್ವಲ್ಪ ಜೋಳದ ಹಿಟ್ಟು ಸೇರಿಸು ಅಂದರು. ಓರೊಮೊ ವಾಚ್‌ಮನ್ ಅಣ್ಣನಿಗೆ ಇದು ಬಿದ್ದೀನಾ. ನೀರು ಕಮ್ಮಿ ಮಾಡು ಅಂದ. ಓನರಮ್ಮ ಗುರಾಗೆಯವರು, ಅವರ ಕಡೆ ಇಂಜೆರಾಗಿಂತ ಕೊಚೊ ಅನ್ನೋ ಎನ್ಸೆಟ್ ಗಿಡದ ರೊಟ್ಟಿ ಹೆಚ್ಚು. ಬಕೆಟ್ ಮುಚ್ಚಳ ತೆಗೆದು ಮೂಸಿ, "ಅಬ್ಸಿತ್ ಹಾಕಿದೆಯಾ?" ಅಂದವರು ಅವರೇ.

ಅಬ್ಸಿತ್ ಅಂದರೆ ಹುದುಗಿದ ಹಿಟ್ಟಲ್ಲೇ ಸ್ವಲ್ಪ ತೆಗೆದು ಬೇಯಿಸಿದ ಗಂಜಿ. ಹಾಕಿರಲಿಲ್ಲ. ದೋಸೆ ಹಿಟ್ಟು ಹುದುಗಿಸೋ ಊರಿನವನಲ್ವಾ ನಾನು, ಹುಳಿ ಬಂದಮೇಲೆ ಇನ್ನೇನು ಅನ್ನೋ ಜಂಬ. ಮೊದಲ ಆರು ಸಲ ಹಾಗೇ ಹೋಯಿತು. ಏಳನೇ ಸಲ ಅಬ್ಸಿತ್ ಕಾಯಿಸಿ ಬಿಸಿಬಿಸಿ ಸುರಿದೆ. ಹುದುಗು ಸತ್ತೇ ಹೋಯಿತು. ಎಂಟನೆಯದು ನೀರುನೀರು. ಒಂಬತ್ತು, ಹತ್ತರಲ್ಲಿ ಆರಿಸಿಯೇ ಹಾಕಿದೆ, ಆದರೆ ತಕ್ಷಣ ಹುಯ್ದೆ.

ನಿನ್ನೆ ಆತುರ ಬಿಟ್ಟೆ. ಮೇಲಿನ ನೀರು ಬಸಿದು, ಹತ್ತರಲ್ಲಿ ಒಂದು ಪಾಲು ಹಿಟ್ಟನ್ನು ಪಾತ್ರೆಗೆ ತೆಗೆದು, ಅದರ ಮೂರರಷ್ಟು ನೀರು ಬೆರೆಸಿ ಸಣ್ಣ ಉರಿಗೆ ಇಟ್ಟೆ. ಕೈ ಬಿಡದೆ ತಿರುವಿದೆ. ಮೊದಲು ಬರೀ ಬೂದು ನೀರು. ಆಮೇಲೆ ಸೌಟು ಹೋದ ದಾರಿ ಒಂದು ಗಳಿಗೆ ಹಾಗೇ ಉಳಿಯತೊಡಗಿತು. ಕೊನೆಗೆ ರಾಗಿ ಅಂಬಲಿಯ ಹದಕ್ಕೆ ಬಂದು ಪುಳಕ್ ಪುಳಕ್ ಅಂದಿತು. ಬೆರಳು ತಾಳುವಷ್ಟು ಆರಿಸಿ ಬಕೆಟ್ಟಿಗೆ ಸೇರಿಸಿ ಮುಚ್ಚಿಟ್ಟೆ. ಒಂದು ಗಂಟೆ ಕಳೆದು ನೋಡಿದರೆ ಹಿಟ್ಟು ಎರಡು ಬೆರಳು ಮೇಲೆದ್ದಿದೆ, ಕಿವಿ ಹತ್ತಿರ ತಂದರೆ ಚಿಟಿಚಿಟಿ ಸದ್ದು. ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಅಂಟು ತೆಫ್‌ನಲ್ಲಿ ಇಲ್ಲ, ಗಾಳಿ ಹಿಡಿದಿಡೋಕೆ ಜಿಗುಟು ಬೇಡವಾ? ಬೆಂದ ಈ ಗಂಜಿಯೇ ಆ ಜಿಗುಟು. ಯೀಸ್ಟ್‌ಗೆ ಊಟವೂ ಇದೇ.

ಇನ್ನು ಹುಯ್ಯೋದು. ಮಿತಾದ್‌ಗೆ (ಇಂಜೆರಾ ಕಾವಲಿ) ಹೊರಗಿನಿಂದ ಒಳಕ್ಕೆ ಸುತ್ತಿ ಹುಯ್ಯಬೇಕು. ನನ್ನ ಕೈಗೆ ಒಳಗಿನಿಂದ ಹೊರಕ್ಕೆ ದೋಸೆ ಎಳೆದೇ ಅಭ್ಯಾಸ. ಮಣಿಕಟ್ಟಿಗೆ ಬೈದುಕೊಂಡೇ ಹುಯ್ದೆ. ಒದ್ದೆ ಮೈ ಮೇಲೆ ಮೊದಲು ಒಂದು ಚುಕ್ಕಿ, ಆಮೇಲೆ ಹತ್ತು, ಆಮೇಲೆ ಮಳೆ ಬಿದ್ದ ಕೆರೆಯ ಹಾಗೆ ಪೂರ್ತಿ. ಕಣ್ಣು ತೆರೆದಮೇಲೇ ಮುಚ್ಚಳ ಹಾಕಿದೆ. ಮೊದಲೇ ಮುಚ್ಚಿದರೆ ಕೆಟ್ಟಿರಿ. ತಿರುವಿ ಹಾಕೋ ಹಾಗಿಲ್ಲ. ಅಂಚು ಎದ್ದಿತು, ಹುಲ್ಲಿನ ಚಪ್ಪಟೆ ತಟ್ಟೆ ಸೆಫೆದ್ ತೂರಿಸಿ ಎತ್ತಿದೆ. ಐದು ಆಯಿತು, ಆರನೆಯದಕ್ಕೆ ಕರೆಂಟ್ ಹೋಯಿತು. ಕರೆಂಟ್ ಮಿತಾದ್ ತಗೊಂಡ ತಪ್ಪು ನನ್ನದೇ. ಮಣ್ಣಿನದು ಆರ್ಡರ್ ಮಾಡಿದ್ದೆ, ಬರುವಾಗಲೇ ಸೀಳು ಬಿಟ್ಟಿತ್ತು. ಮಾರಿದವನು 'ಅದು ಡಿಸೈನ್' ಅಂದ.

ಈ ನಡುವೆ ತಲೆಯಲ್ಲಿ ಕೊಚೊ ಕೂತಿದೆ. ಎನ್ಸೆಟ್ ನೋಡೋಕೆ ಥೇಟ್ ಬಾಳೆ, ಬಾಳೆಯ ಕುಟುಂಬದ್ದೇ, ಆದರೆ ತಿನ್ನೋದು ಹಣ್ಣನ್ನಲ್ಲ. ದಿಂಡು ಕೆರೆದು, ಗೆಡ್ಡೆ ಜಜ್ಜಿ, ಎಲೆ ಹಾಸಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿ, ಆಮೇಲೆ ರೊಟ್ಟಿ. ಗುರಾಗೆಯವರು ಅದನ್ನು ಕಿತ್ಫೊ (ಹಸಿ ಮಾಂಸದ ಕೈಮಾ) ಜೊತೆ ತಿನ್ನುತ್ತಾರೆ. ಹಿತ್ತಲಲ್ಲಿ ಗುಂಡಿ ತೋಡಲಾ ಅಂತ ಓನರಮ್ಮನನ್ನು ಇನ್ನೂ ಕೇಳಿಲ್ಲ. ಅದಕ್ಕೂ ಮುಂಚೆ ದಾಗುಸ ಇಂಜೆರಾ ಆಗಬೇಕು. ದಾಗುಸ ಅಂದರೆ ನಮ್ಮ ರಾಗಿಯೇ. ಫೋನಿನಲ್ಲಿ ಹೇಳಿದಾಗಿಂದ ಅಮ್ಮನಿಗೆ ಅದೊಂದೇ ಗುಂಗು: ಮುದ್ದೆ ಬಿಟ್ಟು ದೋಸೆ ಯಾಕೆ ಅಂತ.

ನಿನ್ನೆ ಬುಧವಾರ, ಓನರಮ್ಮನಿಗೆ ಉಪವಾಸ, ಮಾಂಸ ಬೆಣ್ಣೆ ಮುಟ್ಟೋದಿಲ್ಲ. ಕಡಲೆ ಹಿಟ್ಟಿನ ಶಿರೊ ಮಾಡಿದ್ದರು, ನಮ್ಮ ಜುಣಕಕ್ಕೆ ನೆಂಟ ಅನ್ನಿ. ನನ್ನ ಇಂಜೆರಾ ಹರಿದು, ಶಿರೊ ಸುತ್ತಿ, ಮೊದಲ ತುತ್ತು ನನ್ನ ಬಾಯಿಗೇ ಇಟ್ಟರು. ಅದಕ್ಕೆ ಗುರ್ಶಾ ಅಂತಾರೆ, ಬೇಡ ಅನ್ನೋ ಹಾಗಿಲ್ಲ, ತುತ್ತು ದೊಡ್ಡದಾದಷ್ಟೂ ಪ್ರೀತಿ ಜಾಸ್ತಿ. ನನ್ನದು ಮಧ್ಯಮ ಸೈಜಿನದು. ಆಮೇಲೆ ತಾವೊಂದು ತುಂಡು ಬಾಯಿಗೆ ಹಾಕಿಕೊಂಡು, ಅಂಚನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ ಹೇಳಿದರು:

"ಕಣ್ಣು ಸರಿ. ಅಂಚು ದಪ್ಪ."