ತಟ್ಟೆ ಒಡೆದ ಪುಟ

2025 ಮಾರ್ಚ್ 22, ಶನಿವಾರ

ಇಂದು ಇಂಗ್ಲೆಂಡಿನ ಚಿತ್ರಕಾರ ರಾಂಡಾಲ್ಫ್ ಕಾಲ್ಡೆಕಾಟ್ ಹುಟ್ಟಿದ ದಿನ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ನನ್ನ ಕಸುಬಾದ್ದರಿಂದ, ಪ್ರತಿ ವರ್ಷ ಈ ದಿನ ಅವನ ಒಂದು ಪುಸ್ತಕವನ್ನಾದರೂ ಮೊದಲ ಪುಟದಿಂದ ಕೊನೆಯವರೆಗೆ ನಿಧಾನವಾಗಿ ನೋಡುತ್ತೇನೆ. ಈ ಸಲ ತೆಗೆದುಕೊಂಡದ್ದು 1882ರಲ್ಲಿ ಬಂದ ‘ಹೇ ಡಿಡಲ್ ಡಿಡಲ್’ ಮತ್ತು ‘ಬೇಬಿ ಬಂಟಿಂಗ್’ ಎಂಬ ಎರಡು ಶಿಶುಪದ್ಯಗಳ ಪುಸ್ತಕ.

ಮೊದಲನೆಯ ಪದ್ಯ ನಮ್ಮ ಊರುಗಳ ಇಂಗ್ಲಿಷ್ ಶಾಲೆಯ ಮಕ್ಕಳಿಗೂ ಬಾಯಿಪಾಠ. ಬೆಕ್ಕು ಪಿಟೀಲು ನುಡಿಸುತ್ತದೆ, ಹಸು ಚಂದ್ರನನ್ನು ಹಾರಿ ದಾಟುತ್ತದೆ, ತಟ್ಟೆ ಚಮಚದೊಡನೆ ಓಡಿಹೋಗುತ್ತದೆ. ಪದ್ಯ ಅಲ್ಲಿಗೆ ಮುಗಿಯಿತು. ಕಾಲ್ಡೆಕಾಟ್ ಮಾತ್ರ ಅಲ್ಲಿಗೆ ನಿಲ್ಲಿಸುವುದಿಲ್ಲ. ಪುಟ ಮಗುಚಿದರೆ ಪದ್ಯದ ಒಂದು ಪದವೂ ಇಲ್ಲದ ಚಿತ್ರವೊಂದು ಎದುರಾಗುತ್ತದೆ: ತಟ್ಟೆ ನೆಲದ ಮೇಲೆ ಚೂರುಚೂರಾಗಿ ಬಿದ್ದಿದೆ, ಚಮಚವನ್ನು ಚಾಕುವೂ ಫೋರ್ಕೂ ಹಿಡಿದು ಕರೆದೊಯ್ಯುತ್ತಿವೆ. ಅವೆರಡು ಚಮಚದ ತಂದೆ ತಾಯಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಓಡಿಹೋದ ಪ್ರೇಮಿಗಳ ಗತಿ ಏನಾಯಿತೆಂಬ ಇಡೀ ಕಥೆಯನ್ನು, ಪದ್ಯಕಾರ ಬಾಯಿ ಬಿಡದೆ ಉಳಿಸಿದ ಕಥೆಯನ್ನು, ಅವನು ಕೆಲವೇ ಗೆರೆಗಳಲ್ಲಿ ಹೇಳಿ ಮುಗಿಸಿದ್ದಾನೆ. ಪಠ್ಯದಲ್ಲಿ ಇರುವುದನ್ನೇ ಚಿತ್ರದಲ್ಲಿ ಮತ್ತೊಮ್ಮೆ ಬರೆಯುವುದು ಚಿತ್ರಕಾರನ ಕೆಲಸವಲ್ಲ ಎಂಬುದನ್ನು ನಾನು ಕಲಿತದ್ದು ಈ ಪುಟದಿಂದಲೇ.

1846ರಲ್ಲಿ ಚೆಸ್ಟರ್ ಪಟ್ಟಣದಲ್ಲಿ ಹುಟ್ಟಿದ ಅವನು ಹದಿನೈದನೆಯ ವಯಸ್ಸಿಗೇ ಶ್ರಾಪ್‌ಶೈರಿನ ವಿಟ್‌ಚರ್ಚ್‌ಗೆ ಬ್ಯಾಂಕ್ ಗುಮಾಸ್ತನಾಗಿ ಹೋದ. ವಾಸ ಊರ ಹೊರಗಿನ ರೈತರ ಮನೆಯಲ್ಲಿ. ಬ್ಯಾಂಕಿನ ಕೆಲಸಕ್ಕೆಂದು ಹಳ್ಳಿಗಳನ್ನು ಸುತ್ತುವಾಗ ಕಂಡ ಕುದುರೆಗಳು, ಬೇಟೆನಾಯಿಗಳು, ಸಂತೆಯ ಜನ, ಬೇಲಿಗಳು, ಹೆಂಚಿನ ಮಾಡುಗಳು ಮುಂದೆ ಅವನ ಪುಸ್ತಕಗಳ ತುಂಬ ಓಡಾಡಿಕೊಂಡಿವೆ. ಆಮೇಲೆ ಮ್ಯಾಂಚೆಸ್ಟರಿನ ಬ್ಯಾಂಕು, ಸಂಜೆ ಅಲ್ಲಿನ ಕಲಾಶಾಲೆ. 1872ರಲ್ಲಿ ನೌಕರಿ ಬಿಟ್ಟು ಲಂಡನ್.

ಮಕ್ಕಳ ಪುಸ್ತಕಕ್ಕೆ ಅವನನ್ನು ಕರೆತಂದವನು ಮುದ್ರಕ ಎಡ್ಮಂಡ್ ಇವಾನ್ಸ್. ಅವರ ಕೆಲಸದ ಕ್ರಮವನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಕಾಲ್ಡೆಕಾಟ್ ಪೆನ್ನು ಶಾಯಿಯಲ್ಲಿ ಬರೆದ ಚಿತ್ರವನ್ನು ಛಾಯಾಗ್ರಹಣದ ಮೂಲಕ ಮರದ ಹಲಗೆಯ ಮೇಲೆ ಮೂಡಿಸಿ, ಗೆರೆಗಳನ್ನು ಉಳಿಸಿ ಉಳಿದುದನ್ನು ಕೆತ್ತಿ ತೆಗೆಯುತ್ತಿದ್ದರು; ಆ ಅಚ್ಚಿನಿಂದ ತೆಗೆದ ಕರಡು ಪ್ರತಿಗೆ ಅವನು ಬಣ್ಣ ಹಾಕಿ ಕೊಟ್ಟರೆ, ಅದನ್ನು ನೋಡಿಕೊಂಡು ಇವಾನ್ಸ್ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಕೆತ್ತಿಸುತ್ತಿದ್ದ. ಗೆರೆಗೆ ಗಾಢ ಕಂದು, ಮೈಬಣ್ಣ, ಕೆಂಪು, ನೀಲಿ, ಹಳದಿ, ಬೂದು, ಇಷ್ಟೇ. ಕೆತ್ತನೆಯ ಖರ್ಚಿನ ಹೊಣೆ ಇವಾನ್ಸನದು. ಪುಸ್ತಕ ಮಾರಾಟವಾದರಷ್ಟೇ ಚಿತ್ರಕಾರನಿಗೆ ಹಣ. ಒಂದು ಷಿಲ್ಲಿಂಗ್ ಬೆಲೆಯ ಆ ತೆಳ್ಳಗಿನ ಪುಸ್ತಕಗಳು 1878ರಿಂದ ಪ್ರತಿ ಕ್ರಿಸ್‌ಮಸ್‌ಗೆ ಎರಡರಂತೆ ಬಂದು, 1885ರ ಹೊತ್ತಿಗೆ ಹದಿನಾರಾದವು. ಬಣ್ಣ ಹಾಕದೆ ಬರಿಯ ಕಂದು ಗೆರೆಯಲ್ಲೇ ಬಿಟ್ಟ ಪುಟಗಳು ಅವುಗಳಲ್ಲಿ ಬೇಕಾದಷ್ಟಿವೆ, ನನಗಂತೂ ಅವೇ ಹೆಚ್ಚು ಪ್ರಿಯ. ಎಷ್ಟು ಗೆರೆಗಳನ್ನು ಬಿಡಬಹುದು ಎಂಬುದನ್ನು ಒಂದು ಶಾಸ್ತ್ರದಂತೆ ಅಭ್ಯಾಸ ಮಾಡಿದವನು ಅವನು.

ಎಳವೆಯ ಕಾಯಿಲೆ ಅವನ ಹೃದಯವನ್ನು ದುರ್ಬಲಗೊಳಿಸಿತ್ತು. ಬೆಚ್ಚಗಿನ ಹವೆ ಅರಸಿ ಅಮೆರಿಕಕ್ಕೆ ಹೋದವನು 1886ರ ಫೆಬ್ರವರಿಯಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನಿನಲ್ಲಿ ತೀರಿಕೊಂಡ. ನಲವತ್ತು ತುಂಬಲು ಇನ್ನೂ ಕೆಲವು ವಾರ ಬಾಕಿಯಿತ್ತು. ಅಮೆರಿಕದವರು ಪ್ರತಿ ವರ್ಷ ಅತ್ಯುತ್ತಮ ಚಿತ್ರಪುಸ್ತಕಕ್ಕೆ ಕೊಡುವ ಪದಕ 1938ರಿಂದ ಅವನ ಹೆಸರಿನಲ್ಲಿದೆ.

ಮಧ್ಯಾಹ್ನವೆಲ್ಲ ನನ್ನನ್ನು ಹಿಡಿದು ಕೂರಿಸಿದ್ದು ಪುಸ್ತಕದ ಎರಡನೆಯ ಪದ್ಯ. ಮಗುವಿಗೆ ಸುತ್ತಲು ಮೊಲದ ಚರ್ಮ ತರಲೆಂದು ಅಪ್ಪ ಬೇಟೆಗೆ ಹೋಗುತ್ತಾನೆ, ಎನ್ನುತ್ತದೆ ಪದ್ಯ. ಕಾಲ್ಡೆಕಾಟನ ಅಪ್ಪನಿಗೆ ಬೇಟೆ ಸಿಗುವುದಿಲ್ಲ. ಅಂಗಡಿಯಲ್ಲಿ ಚರ್ಮ ಕೊಂಡು ತರುತ್ತಾನೆ. ಕೊನೆಯ ಚಿತ್ರದಲ್ಲಿ ಉದ್ದ ಕಿವಿಗಳೂ ಇರುವ ಆ ಚರ್ಮವನ್ನು ತೊಟ್ಟ ಮಗು ತಾಯಿಯೊಡನೆ ನಡೆದು ಹೋಗುತ್ತಿದೆ, ದಿಬ್ಬದ ಮೇಲೆ ಜೀವಂತ ಮೊಲಗಳ ಗುಂಪು. ಮೊಲಗಳು ಮಗುವನ್ನು ನೋಡುತ್ತಿವೆ, ಮಗು ಮೊಲಗಳನ್ನು ನೋಡುತ್ತಿದೆ. ತಾನು ಹೊದ್ದಿರುವುದು ಏನೆಂದು ಅದಕ್ಕೆ ಆ ಕ್ಷಣ ಹೊಳೆದಿದೆಯೇ, ಇಲ್ಲವೇ?

ಸಂಜೆ ಆ ಮುಖವನ್ನು ನಕಲು ಮಾಡಲು ಕುಳಿತೆ. ಮೊದಲ ಹಾಳೆಯಲ್ಲಿ ಅಳುವ ಮಗು ಮೂಡಿತು, ಎರಡನೆಯದರಲ್ಲಿ ಹೆದರಿದ ಮಗು. ಮೂರನೆಯದರಲ್ಲಿ ಹುಬ್ಬಿನ ಗೆರೆಯನ್ನೇ ಬಿಟ್ಟೆ. ಸ್ವಲ್ಪ ಹತ್ತಿರ ಬಂತು. ನಾಳೆ ಇನ್ನೂ ಸಣ್ಣ ನಿಬ್ಬಿನಲ್ಲಿ, ತುಟಿಯ ಗೆರೆಯನ್ನೂ ಬಿಟ್ಟು ನೋಡಬೇಕು.