ಎರಡನೇ ಸಾಲು ಏನು ಮಾಡ್ತಿದೆ?

ನಾನು ನಮ್ಮ ದೇವಶಾಸ್ತ್ರ ಕಾಲೇಜಿಗೆ ಸೇರಿದ್ದು ಬೈಬಲ್‌ನ ಹೀಬ್ರೂ ಕಲಿಯುವ ಆಸೆಯಿಂದಲ್ಲ. ಊರಿನ ಕ್ರೈಸ್ತ ಸಭೆಯಲ್ಲಿ ಸೇವೆ ಮಾಡಬೇಕು ಅನ್ನುವುದೊಂದೇ ಮನಸ್ಸಿನಲ್ಲಿತ್ತು. ಮೊದಲ ವರ್ಷವೆಲ್ಲ ಬಲದಿಂದ ಎಡಕ್ಕೆ ಓಡುವ ಆ 22 ಅಕ್ಷರಗಳ ಜೊತೆ ಗುದ್ದಾಡುವುದರಲ್ಲೇ ಹೋಯಿತು. ಎರಡನೇ ವರ್ಷ ಪದ್ಯಕ್ಕೆ ಬಂದೆವು. ನಾನು ಬರೆಯಬೇಕು ಅಂದುಕೊಂಡಿರುವುದು ಆ ತರಗತಿಯ ಬಗ್ಗೆ.

ಮೊದಲ ದಿನ ಮೇಷ್ಟ್ರು ಬೈಬಲ್ ತೆರೆಯಲೇ ಇಲ್ಲ. ಬೋರ್ಡಿನ ಮೇಲೆ ಒಂದು ಗಾದೆ ಬರೆದರು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಆಮೇಲೆ ಅರ್ಧ ಅಳಿಸಿದರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಅನ್ನುವುದಷ್ಟೇ ಉಳಿಯಿತು. ‘ಅರ್ಥ ಇದೆ. ಗಾದೆ ಇದೆಯಾ?’ ಅಂತ ಕೇಳಿದರು. ಇರಲಿಲ್ಲ. ಅದು ಬರೀ ಡಾಕ್ಟರ ಸಲಹೆಯಾಗಿತ್ತು. ಎರಡನೇ ಅರ್ಧ ಪಕ್ಕಕ್ಕೆ ಬಂದು ನಿಂತಾಗ ಊಟಕ್ಕೂ ಮಾತಿಗೂ ನಂಟು ಬೆಳೆಯುತ್ತದೆ. ಎರಡೂ ಬಾಯಿಯ ಕೆಲಸವೇ ಅಲ್ವಾ? ಆ ನಂಟನ್ನು ಗಾದೆ ಬಾಯಿಬಿಟ್ಟು ಹೇಳುವುದಿಲ್ಲ, ಎರಡು ಮಾತನ್ನು ಅಕ್ಕಪಕ್ಕ ಇಟ್ಟು ಸುಮ್ನಾಗುತ್ತದೆ.

ಹೀಬ್ರೂ ಪದ್ಯ ನಿಂತಿರುವುದು ಇದರ ಮೇಲೆ. ನಮ್ಮ ಹಾಗೆ ಆದಿಪ್ರಾಸದ ಕಟ್ಟು ಅಲ್ಲಿಲ್ಲ, ಮಾತ್ರೆ ಎಣಿಸುವ ಲೆಕ್ಕವೂ ಇಲ್ಲ. ಒಂದು ಸಾಲು ಬರುತ್ತದೆ, ಅದರ ಹೆಗಲಿಗೆ ಹೆಗಲು ಕೊಟ್ಟು ಇನ್ನೊಂದು ಬರುತ್ತದೆ. ಈ ಗುಣಕ್ಕೆ ಪ್ಯಾರಲಲಿಸಂ ಅಂತ ಹೆಸರಿಟ್ಟವರು ರಾಬರ್ಟ್ ಲೌತ್. ಆಕ್ಸ್‌ಫರ್ಡ್‌ನಲ್ಲಿ ಕಾವ್ಯದ ಪ್ರಾಧ್ಯಾಪಕರಾಗಿದ್ದಾಗ ಅವರು ಲ್ಯಾಟಿನ್‌ನಲ್ಲಿ ಕೊಟ್ಟ ಉಪನ್ಯಾಸಗಳು 1753ರಲ್ಲಿ ಪುಸ್ತಕವಾದವು. ಎರಡನೇ ಸಾಲು ಮೊದಲಿನದ್ದನ್ನೇ ಬೇರೆ ಮಾತಲ್ಲಿ ಹೇಳಬಹುದು, ವಿರುದ್ಧವಾಗಿ ಹೇಳಬಹುದು, ಇಲ್ಲವೇ ಮುಂದುವರಿಸಬಹುದು ಅಂತ ಅವರು ಮೂರು ಬಗೆ ಮಾಡಿದರು. ಪ್ಯಾರಲಲಿಸಂ ಅನ್ನುವ ಪಾಠ ಇವತ್ತಿಗೂ ಅಲ್ಲಿಂದಲೇ ಶುರುವಾಗುತ್ತದೆ.

ನಾನು ಆ ಮೂರು ಬಗೆಯನ್ನು ಚೆನ್ನಾಗಿ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಬೈಬಲ್‌ನ ಒಂದು ಕೀರ್ತನೆ ಕೊಟ್ಟಿದ್ದರು. ಪ್ರತಿ ವಚನದ ಪಕ್ಕ ‘ಒಂದೇ ಅರ್ಥ’, ‘ವಿರುದ್ಧ ಅರ್ಥ’ ಅಂತ ಬರೆದು ಬಂದೆ. ಉತ್ತರಪತ್ರಿಕೆ ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಸಾಲಿತ್ತು: ‘ಎರಡನೇ ಸಾಲು ಏನು ಮಾಡ್ತಿದೆ?’

ಮೇಷ್ಟ್ರ ಎಲ್ಲ ಪಾಠವೂ ಆ ಪ್ರಶ್ನೆಯಲ್ಲೇ ಇತ್ತು. ಬೈಬಲ್‌ನ ಸಮುವೇಲನ ಮೊದಲ ಪುಸ್ತಕದಲ್ಲಿ, ಯುದ್ಧ ಗೆದ್ದು ಬರುವ ಅರಸ ಸೌಲನನ್ನೂ ಅವನ ಯೋಧ ದಾವೀದನನ್ನೂ ಎದುರುಗೊಳ್ಳಲು ಹೆಂಗಸರು ಹಾಡುತ್ತಾ ಕುಣಿಯುತ್ತಾ ಬರುತ್ತಾರೆ. ಸೌಲ ಸಾವಿರಗಟ್ಟಲೆ ಕೊಂದ, ದಾವೀದ ಹತ್ತುಸಾವಿರಗಟ್ಟಲೆ ಕೊಂದ ಅನ್ನುತ್ತಾರೆ. ಸಾವಿರದ ಪಕ್ಕ ಹತ್ತುಸಾವಿರ ಬರುವುದು ಆ ಕಾವ್ಯದ ವಾಡಿಕೆ. ಹಾಗಾಗಿ ಆ ಹೆಂಗಸರು ಇಬ್ಬರನ್ನೂ ಒಟ್ಟಿಗೆ ಹೊಗಳಿರಲೂಬಹುದು. ಆದರೆ ಸೌಲ ಲೆಕ್ಕ ಹಾಕಿದ. ತನಗೆ ಬರೀ ಸಾವಿರ, ಅವನಿಗೆ ಹತ್ತು ಪಟ್ಟು ಜಾಸ್ತಿ. ಅಂದಿನಿಂದ ದಾವೀದನ ಮೇಲೆ ಕಣ್ಣಿಟ್ಟ. 1981ರಲ್ಲಿ ಜೇಮ್ಸ್ ಕೂಗಲ್ ಎಂಬ ವಿದ್ವಾಂಸರು ಲೌತ್ ಅವರ ಮೂರು ಬಗೆಯನ್ನು ಪಕ್ಕಕ್ಕಿಟ್ಟರು. ಎರಡನೇ ಸಾಲು ಬರೀ ಮರುಮಾತಲ್ಲ, ‘ಅಷ್ಟೇ ಅಲ್ಲ, ಇನ್ನೂ ಇದೆ’ ಅಂತ ಮುಂದೆ ನೂಕುತ್ತದೆ ಅಂದರು. ಸೌಲನ ಕಿವಿಗೆ ಆ ನೂಕು ಚೆನ್ನಾಗಿ ಕೇಳಿಸಿತ್ತು ಅಂತ ನನಗೆ ಅನಿಸುತ್ತದೆ.

ಈ ಜೋಡಿಪದಗಳ ಕಥೆ ಬೈಬಲ್‌ಗಿಂತ ಹಳೆಯದು. 1928ರಲ್ಲಿ ಸಿರಿಯಾದ ಕಡಲತೀರದ ರಾಸ್ ಶಮ್ರಾದ ಹತ್ತಿರ ಒಬ್ಬ ರೈತನ ನೇಗಿಲಿಗೆ ಕಲ್ಲು ತಾಗಿತು. ಅಡಿಯಲ್ಲಿ ಹಳೆಯ ಗೋರಿ ಇತ್ತು. ಮರುವರ್ಷ ಅಗೆತ ಶುರುವಾಯಿತು. ಉಗಾರಿತ್ ಪಟ್ಟಣವೂ ಅದರ ಮಣ್ಣಿನ ಹಲಗೆಗಳೂ ಸಿಕ್ಕವು. ಆ ಹಲಗೆಗಳ ಮೇಲಿನ ಕಾವ್ಯದಲ್ಲೂ ಸಾವಿರ–ಹತ್ತುಸಾವಿರ, ಬೆಳ್ಳಿ–ಬಂಗಾರ ಜೋಡಿಯಾಗಿ ಬರುತ್ತವೆ. ನಮ್ಮಲ್ಲಿ ಹೊಲ ಅಂದರೆ ಗದ್ದೆ, ಮನೆ ಅಂದರೆ ಮಠ ತಾನಾಗಿ ನಾಲಿಗೆಗೆ ಬರುವುದಿಲ್ಲವೇ, ಹಾಗೆ.

ಲೈಬ್ರರಿಯ ಒಂದು ನೆನಪು ಇಲ್ಲಿ ಹೇಳಬೇಕು. ಹಳೆಯ ಹೀಬ್ರೂ ಬೈಬಲ್‌ನ ಮುಖಪುಟದಲ್ಲಿ ಕಿಟೆಲ್ ಅನ್ನುವ ಹೆಸರು ನೋಡಿ ನನಗೆ ಬಹಳ ಖುಷಿಯಾಗಿತ್ತು. ನಮ್ಮ ನಿಘಂಟಿನ ಕಿಟೆಲ್ ಅಂದುಕೊಂಡೆ. ಮೇಷ್ಟ್ರು ಬಿಡಿಸಿ ಹೇಳಿದರು. 1906ರಲ್ಲಿ ಆ ಹೀಬ್ರೂ ಬೈಬಲ್ ಹೊರತಂದವರು ರುಡಾಲ್ಫ್ ಕಿಟೆಲ್. 1894ರ ಕನ್ನಡ ನಿಘಂಟು ಫರ್ಡಿನೆಂಡ್ ಕಿಟೆಲ್ ಅವರದ್ದು, ನಾಗವರ್ಮನ ಛಂದಸ್ಸಿನ ಪುಸ್ತಕವನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಅವರೇ. ‘ಇಬ್ಬರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಓದು’ ಅಂದರು ಮೇಷ್ಟ್ರು. ಹಾಗೇ ಓದಿದೆ.

ಪ್ರವಾದಿ ಯೆಶಾಯನ ಪುಸ್ತಕದ ಐದನೇ ಅಧ್ಯಾಯಕ್ಕೆ ಬಂದಾಗ ಒಂದು ವಾರ ಒಂದೇ ವಚನದಲ್ಲಿ ನಿಂತುಬಿಟ್ಟೆವು. ಅದು ದ್ರಾಕ್ಷಿತೋಟದ ಹಾಡು. ತೋಟದ ಒಡೆಯ ನೆಲ ಅಗೆದು, ಕಲ್ಲು ಆರಿಸಿ, ಒಳ್ಳೆಯ ಬಳ್ಳಿ ನೆಡುತ್ತಾನೆ. ಕೊನೆಗೆ ಬರುವುದು ಕೆಟ್ಟ ಹಣ್ಣು. ಆಗ ಏಳನೇ ವಚನ ಬರುತ್ತದೆ. ದೇವರು ‘ಮಿಶ್ಪಾಟ್’ ಅಂದರೆ ನ್ಯಾಯಕ್ಕಾಗಿ ಕಾದ, ಕಂಡದ್ದು ‘ಮಿಸ್ಪಾಖ್’. ‘ಸೆದಾಕಾ’ ಅಂದರೆ ನೀತಿಗಾಗಿ ಕಾದ, ಕೇಳಿದ್ದು ‘ಸೆಆಕಾ’, ಅಂದರೆ ಕೂಗು. ಒಂದೊಂದು ಜೋಡಿಯಲ್ಲೂ ಪದಗಳು ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ದೂರದಿಂದ ನೋಡಿದರೆ ಒಳ್ಳೆ ಹಣ್ಣೂ ಕೆಟ್ಟ ಹಣ್ಣೂ ಒಂದೇ ಥರ ಕಾಣುತ್ತವಲ್ಲ, ಕವಿ ಅದನ್ನು ಕಿವಿಗೇ ಮುಟ್ಟಿಸುತ್ತಾನೆ. ಮಿಸ್ಪಾಖ್ ಅನ್ನುವ ಪದ ಇಡೀ ಹೀಬ್ರೂ ಬೈಬಲ್‌ನಲ್ಲಿ ಬರುವುದು ಇದೊಂದೇ ಕಡೆ. ರಕ್ತಪಾತ ಅಂತ ಊಹೆಯಿಂದಲೇ ಅರ್ಥ ಮಾಡುತ್ತಾರೆ.

‘ಕನ್ನಡಕ್ಕೆ ತನ್ನಿ ನೋಡೋಣ’ ಅಂದರು ಮೇಷ್ಟ್ರು. ರಾತ್ರಿಯೆಲ್ಲ ಹಾಸ್ಟೆಲ್‌ನಲ್ಲಿ ಕೂತು ಬರೆದೆ. ‘ನ್ಯಾಯಕ್ಕೆ ಕಾದ, ಕಂಡದ್ದು ಗಾಯ. ನೀತಿಗೆ ಕಾದ, ಕಂಡದ್ದು ಭೀತಿ.’ ಬೆಳಿಗ್ಗೆ ಓದಿದೆ. ಗೆಳೆಯರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗಾಯಕ್ಕೆ ತಲೆಯಾಡಿಸಿದರು. ಭೀತಿ ಬಂದಾಗ ಕೇಳಿದರು, ‘ಕೂಗು ಎಲ್ಲಿ ಹೋಯಿತು?’ ಸೆಆಕಾ ಅಂದರೆ ಬರೀ ಗದ್ದಲ ಅಲ್ಲ. ಪಾಪಕ್ಕೆ ಹೆಸರಾದ ಸೋದೋಮ್ ಪಟ್ಟಣದಿಂದ ದೇವರಿಗೆ ಮುಟ್ಟಿದ್ದು ಅದೇ ಕೂಗು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಬಿಟ್ಟಿ ದುಡಿಯುತ್ತಿದ್ದ ಇಸ್ರಾಯೇಲ್ಯರ ಬಾಯಿಂದ ಹೊರಟದ್ದೂ ಅದೇ. ಅಂದು ಆ ಕೂಗು ಕೇಳಿ ದೇವರು ಬಿಡಿಸಿಕೊಂಡು ಬಂದ ಜನರ ನಡುವಿನಿಂದಲೇ ಈಗ ಅದು ಏಳುತ್ತಿದೆ. ಯೆಶಾಯನ ಆರೋಪ ಇರುವುದೇ ಅಲ್ಲಿ. ನನ್ನ ಸಾಲಿನಲ್ಲಿ ಪ್ರಾಸ ಇತ್ತು, ಕೂಗುವವರು ಯಾರೂ ಇರಲಿಲ್ಲ.

ಆಮೇಲೆ ಬೈಬಲ್‌ನ ಪ್ರಲಾಪಗಳು ಅನ್ನುವ ಪುಸ್ತಕ ಓದಿದೆವು. ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟ ಮೇಲಿನ ಐದು ಹಾಡುಗಳು ಅದರಲ್ಲಿವೆ. ಇವುಗಳ ಸಾಲಿಗೆ ಒಂದು ವಿಶೇಷ ನಡೆ ಇದೆ ಅಂತ 1882ರಲ್ಲಿ ಕಾರ್ಲ್ ಬುಡ್ಡೆ ತೋರಿಸಿಕೊಟ್ಟರು. ಮೊದಲ ಅರ್ಧ ಉದ್ದ, ಎರಡನೇ ಅರ್ಧ ಮೋಟು. ಎಲ್ಲ ಸಾಲೂ ಹಾಗಿಲ್ಲ, ಆದರೆ ಜಾಸ್ತಿ ಹಾಗೇ ಇವೆ. ಮೇಷ್ಟ್ರು ಗಟ್ಟಿಯಾಗಿ ಓದಿದರು. ನನಗೆ ತಟ್ಟನೆ ನಮ್ಮ ಅಜ್ಜಿ ನೆನಪಾದಳು. ತಾತ ತೀರಿಕೊಂಡ ದಿನ ಅವಳು ಹೆಣದ ತಲೆಯ ಹತ್ತಿರ ಕೂತು ಹಾಡಿಕೊಂಡು ಅತ್ತಿದ್ದಳು. ‘ಬಿತ್ತೋ ಹೊತ್ತು ಬಂದು ನಿಂತೈತಲ್ಲೋ ನನ್ನ ದೊರಿಯೇ, ಎದ್ದು ಬಾರೋ’ ಅಂತ. ಮೊದಲ ಅರ್ಧ ಎಳೆದು, ಎರಡನೆಯದಕ್ಕೆ ಉಸಿರು ಸಾಲದೆ. ಪ್ರವಾದಿ ಯೆರೆಮೀಯನೂ ಗೋಳಾಡುವ ಹೆಂಗಸರನ್ನು ಕರೆಸಿರಿ ಅನ್ನುತ್ತಾನೆ. ಅಳುವುದನ್ನು ಬಲ್ಲವರು ಅವರೇ ಅಂತ ಅವನಿಗೆ ಗೊತ್ತಿತ್ತು.

ಆ ಐದು ಹಾಡುಗಳಲ್ಲಿ ಒಂದು, ಎರಡು, ನಾಲ್ಕನೆಯವು 22 ವಚನ. ಪ್ರತಿ ವಚನವೂ ಅಕ್ಷರಮಾಲೆಯ ಒಂದೊಂದು ಅಕ್ಷರದಿಂದ ಶುರುವಾಗುತ್ತದೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66. ಐದನೆಯದರಲ್ಲೂ 22 ವಚನ ಇದೆ, ಆದರೆ ಅಕ್ಷರಗಳ ಸಾಲಿಲ್ಲ. ಬಾಯಿಪಾಠಕ್ಕೆ ಅನುಕೂಲ ಅಂತ ಹೀಗೆ ಬರೆದರು ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸಾಲದು. ಮೊದಲ ಅಕ್ಷರ ಅಲೆಫ್‌ನಿಂದ ಕೊನೆಯ ಅಕ್ಷರ ತಾವ್‌ವರೆಗೆ ಅತ್ತರೆ ಅಳು ಎಲ್ಲೋ ಒಂದು ಕಡೆ ಮುಗಿಯುತ್ತದೆ ಅನ್ನುವ ಆಸೆ ಅದರಲ್ಲಿದೆ. ಐದನೇ ಹಾಡಿಗೆ ಬರುವ ಹೊತ್ತಿಗೆ ಆ ಆಸರೆಯೂ ಕಳಚಿದೆ, ಎಣಿಕೆಯೊಂದೇ ಉಳಿದಿದೆ. ಯೆಹೂದ್ಯರು ತಮ್ಮ ಪಂಚಾಂಗದ ಆವ್ ತಿಂಗಳ ಒಂಬತ್ತನೇ ದಿನ ಸಭಾಮಂದಿರದಲ್ಲಿ ನೆಲದ ಮೇಲೆ ಕೂತು ಈ ಐದೂ ಹಾಡುಗಳನ್ನು ಓದುತ್ತಾರೆ. ಕೊನೆಯ ವಚನ ತುಂಬಾ ಕತ್ತಲೆಯದು. ಅದನ್ನು ಓದಿದ ಮೇಲೆ ಹಿಂದಿನ ವಚನವನ್ನು ಮತ್ತೊಮ್ಮೆ ಓದಿ ನಿಲ್ಲಿಸುತ್ತಾರೆ.

ಕಾಲೇಜು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಅಜ್ಜಿಯೂ ಹೋದಳು. ಆ ರಾತ್ರಿ ಅಂಗಳದಲ್ಲಿ ಪಕ್ಕದ ಮನೆಯ ಮುದುಕಿ ‘ಯಾರ ಮುಂದೆ ಮೊರೆ ಇಡಲೇ ಅವ್ವಾ’ ಅಂತ ಹಾಡಿದಳು. ಮೊರೆ! ನಾನು ಹುಡುಕುತ್ತಿದ್ದ ಪದ ಅದು. ನೋವೂ ಇದೆ, ಕೇಳಿಸಿಕೊಳ್ಳುವವನೊಬ್ಬ ಇದ್ದಾನೆ ಅನ್ನುವುದೂ ಇದೆ.

ಹಳೆಯ ನೋಟ್‌ಬುಕ್ ತೆಗೆದು ಭೀತಿಯನ್ನು ಹೊಡೆದುಹಾಕಿ ಮೊರೆ ಅಂತ ಬರೆದೆ. ಈಗ ‘ನೀತಿ’ ಅದಕ್ಕೆ ಜೊತೆಯಾಗುವುದಿಲ್ಲ. ಅದರ ಜಾಗ ಖಾಲಿ ಬಿಟ್ಟಿದ್ದೇನೆ. ‘ಸರಿ’ ಅಂತ ಬರೆದು ನೋಡಿದೆ, ಅಳಿಸಿದೆ. ಈಗ ಆ ಬೆಂಚುಗಳ ಮೇಲೆ ಕೂತಿರುವ ನಿಮ್ಮಲ್ಲಿ ಯಾರಿಗಾದರೂ ಮೊರೆಗೆ ಜೋಡಿಯಾಗುವ, ನೀತಿ ಅನ್ನುವ ಅರ್ಥದ ಪದ ಹೊಳೆದರೆ ನನಗೆ ಬರೆದು ಕಳಿಸಿ.